ಮೊಣಕಾಲುದ್ದ ನೀರು

ಯಾವ ಕೆರೆ ತೋರಿಸಿದರೂ ನಮ್ಮಪ್ಪ ಮೊದಲು ಕೇಳುವುದು ಒಂದೇ ಮಾತು. "ಎಷ್ಟಾಳು ನೀರಿದೆ?"

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಆಳು ನಿಂತರೆ ಮುಳುಗುವಷ್ಟು ನೀರು ಒಂದಾಳು. ಅದರ ಎರಡರಷ್ಟು ಎರಡಾಳು. ನಮ್ಮೂರ ಕೆರೆಯ ತೂಬಿನ ಹತ್ತಿರ ಮೂರಾಳು ನೀರಿತ್ತು ಅನ್ನುವುದು ಅಪ್ಪನ ಬಾಲ್ಯದ ದೊಡ್ಡ ಹೆಮ್ಮೆ. ಪಕ್ಕದೂರಿನದು ಬರೀ ಸೊಂಟದುದ್ದ. ಅದನ್ನು ಅವರು ಕೆರೆ ಅಂತ ಒಪ್ಪುತ್ತಲೇ ಇರಲಿಲ್ಲ, "ಎಮ್ಮೆ ಮಲಗೋ ಗುಂಡಿ" ಅನ್ನುತ್ತಿದ್ದರು. ಮನುಷ್ಯರ ವಿಷಯದಲ್ಲೂ ಅವರ ಅಳತೆಗೋಲು ಹೆಚ್ಚೂಕಮ್ಮಿ ಇದೇ. ಜಾಸ್ತಿ ಮಾತಾಡುವ ನಮ್ಮ ಚಿಕ್ಕಪ್ಪನ ಬಗ್ಗೆ "ಅವನಲ್ಲಿ ಆಳ ಇಲ್ಲ" ಅಂತ ಒಂದೇ ಸಲಕ್ಕೆ ತೀರ್ಪು ಕೊಟ್ಟುಬಿಟ್ಟಿದ್ದಾರೆ.

ಇಂಥವರನ್ನು ಕರೆದುಕೊಂಡು ಕಳೆದ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಪುಲಿಕಾಟ್ ಸರೋವರಕ್ಕೆ ಹೋದೆ. ಅಲ್ಲಿನ ನೀರು ಸರಾಸರಿ ಒಂದು ಮೀಟರ್ ಆಳವೂ ಕಷ್ಟ ಅನ್ನುವುದನ್ನು ಬೇಕಂತಲೇ ಹೇಳಿರಲಿಲ್ಲ.

ಬೆಂಗಳೂರಿನಿಂದ 300 ಕಿ.ಮೀ. ಮೇಲಾಗುತ್ತದೆ. ಚಿತ್ತೂರು, ತಿರುಪತಿ, ಕಾಳಹಸ್ತಿ ದಾಟಿ ಸೂಳ್ಳೂರುಪೇಟೆ. ಕಾಳಹಸ್ತಿಯಲ್ಲಿ ಇಳಿದು ಕೈಮುಗಿಯದೆ ಮುಂದೆ ಹೋಗಲು ಅಪ್ಪ ಬಿಡಲಿಲ್ಲ, ಹಾಗಾಗಿ ಸೂಳ್ಳೂರುಪೇಟೆ ತಲುಪುವಾಗ ಮಧ್ಯಾಹ್ನ ಮೂರು. ಅಲ್ಲಿಂದ ಪೂರ್ವಕ್ಕೆ ಶ್ರೀಹರಿಕೋಟಾ ಕಡೆಗೆ ಒಂದು ರಸ್ತೆ ಹೋಗುತ್ತದೆ. ಊರು ಮುಗಿದು ಸ್ವಲ್ಪ ದೂರ ಹೋದ ಮೇಲೆ ಎರಡೂ ಕಡೆ ನೆಲ ಸುಮ್ಮನೆ ಕರಗಿದ ಹಾಗೆ ನೀರಾಗಿಬಿಡುತ್ತದೆ. ದಡ ಅಂತ ಒಂದು ಗೆರೆ ಕಾಣುವುದೇ ಇಲ್ಲ. ಒಣ ಮಣ್ಣು, ಹಸಿ ಮಣ್ಣು, ಹೊಳೆಯುವ ಮಣ್ಣು, ಆಮೇಲೆ ಆಕಾಶದ ಬಣ್ಣ.

ಅಪ್ಪ ಕಿಟಕಿ ಇಳಿಸಿ ನೋಡಿದರು. "ಇದೇನೋ, ಗದ್ದೆಗೆ ನೀರು ಕಟ್ಟಿದ ಹಾಗಿದೆ."

"ಇದೇ ಸರೋವರ. ಚಿಲಿಕಾ ಬಿಟ್ಟರೆ ದೇಶದ ಎರಡನೇ ದೊಡ್ಡ ಸವಳು ನೀರಿನ ಸರೋವರ."

"ಎಷ್ಟಾಳು?"

ನಾನು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಬರಲಿಲ್ಲ. ರಸ್ತೆಯಿಂದ ಬಹಳ ದೂರದಲ್ಲಿ ಒಬ್ಬ ಮನುಷ್ಯ ಬಲೆ ಹೆಗಲಿಗೆ ಹಾಕಿಕೊಂಡು ಸರೋವರದ ಮಧ್ಯೆ ಆರಾಮಾಗಿ ನಡೆದು ಹೋಗುತ್ತಿದ್ದ. ನೀರು ಅವನ ಮೊಣಕಾಲಿಗೂ ಬಂದಿರಲಿಲ್ಲ.

ಪುಲಿಕಾಟ್‌ನ ಬಹುಪಾಲು ಆಂಧ್ರದಲ್ಲಿದೆ, ದಕ್ಷಿಣದ ತುದಿ ತಮಿಳುನಾಡಿನಲ್ಲಿ. ಉದ್ದ ಸುಮಾರು 60 ಕಿ.ಮೀ. ಬಂಗಾಳ ಕೊಲ್ಲಿಗೂ ಇದಕ್ಕೂ ನಡುವೆ ಶ್ರೀಹರಿಕೋಟಾ ದ್ವೀಪ ಒಂದು ಉದ್ದನೆಯ ಗೋಡೆಯ ಹಾಗೆ ಮಲಗಿದೆ. ಕಾಳಂಗಿ, ಆರಣಿ ನದಿಗಳು ಸಿಹಿನೀರು ತರುತ್ತವೆ, ಕಡಲ ಬಾಯಿಗಳಿಂದ ಉಪ್ಪುನೀರು ಒಳಗೆ ಬರುತ್ತದೆ. ಉಬ್ಬರ, ಇಳಿತ, ಮಳೆ, ಬಿಸಿಲು ನೋಡಿಕೊಂಡು ಸರೋವರ ಹಿಗ್ಗುತ್ತದೆ, ಕುಗ್ಗುತ್ತದೆ. ವಿಸ್ತೀರ್ಣ 250 ಚದರ ಕಿ.ಮೀ. ಅಂತಲೂ ಬರೆಯುತ್ತಾರೆ, 450 ಅಂತಲೂ ಬರೆಯುತ್ತಾರೆ. ಎರಡೂ ಸರಿ. ಇಷ್ಟು ಚಪ್ಪಟೆಯಾದ ತಟ್ಟೆಯಲ್ಲಿ ನೀರು ಒಂದು ಗೇಣು ಏರಿದರೆ ಮೈಲಿಗಟ್ಟಲೆ ಹರಡಿಕೊಳ್ಳುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ನೀರು ಸಪ್ಪೆ. ಬೇಸಿಗೆಯಲ್ಲಿ ಕಡಲಿಗಿಂತ ಜಾಸ್ತಿ ಉಪ್ಪು.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ.

ಮೊದಲು ನೋಡಿದಾಗ ನೀರಿನ ಆ ತುದಿಯಲ್ಲಿ ಯಾರೋ ಬಿಳಿ ಬಟ್ಟೆ ಒಣಹಾಕಿದ ಹಾಗಿತ್ತು. ಬೈನಾಕ್ಯುಲರ್ ಇಟ್ಟ ಮೇಲೆ ಆ ಬಟ್ಟೆಗೆಲ್ಲ ಕಾಲು ಬಂತು. ರಾಜಹಂಸಗಳು. ಫ್ಲೆಮಿಂಗೋ. ನೂರೋ ಇನ್ನೂರೋ, ಎಣಿಸಲು ಹೋಗಿ ಮೂರು ಸಲ ತಪ್ಪಿ ಬಿಟ್ಟುಬಿಟ್ಟೆ. ಚಿತ್ರಗಳಲ್ಲಿ ನೋಡಿದಷ್ಟು ಗುಲಾಬಿ ಅಲ್ಲವೇ ಅಲ್ಲ. ನಮ್ಮ ದೊಡ್ಡ ರಾಜಹಂಸ ಮೇಲಿಂದ ಹೆಚ್ಚುಕಡಿಮೆ ಬಿಳಿ. ಬಣ್ಣವೆಲ್ಲ ರೆಕ್ಕೆಯೊಳಗೆ ಬಚ್ಚಿಟ್ಟುಕೊಂಡಿರುತ್ತದೆ, ಜೊತೆಗೆ ಕಾಲು ಮತ್ತು ಕೊಕ್ಕಿನಲ್ಲಿ. ಅದೂ ಹುಟ್ಟಿನಿಂದ ಬಂದಿದ್ದಲ್ಲ. ಮರಿ ಬೂದು ಬಣ್ಣದ್ದು. ಪಾಚಿ, ಸಣ್ಣ ಸಿಗಡಿ ಜಾತಿಯ ಹುಳುಗಳನ್ನು ತಿಂದು ತಿಂದು, ಅದರಲ್ಲಿರುವ ಕೆರೋಟಿನ್ ಜಾತಿಯ ಬಣ್ಣ ನಿಧಾನಕ್ಕೆ ಗರಿಗೆ ಇಳಿಯುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಬಳಗವೇ ಅದು.

ಗುಂಪಿನಿಂದ ಬೇರೆಯಾಗಿ ಒಂದು ರಸ್ತೆಯ ಹತ್ತಿರವೇ ಇತ್ತು. ಅರ್ಧ ಗಂಟೆ ಅದನ್ನೇ ನೋಡಿದೆವು. ತಲೆಯನ್ನು ಪೂರ್ತಿ ಕೆಳಗೆ ಬಿಟ್ಟು, ಕೊಕ್ಕನ್ನು ತಲೆಕೆಳಗಾಗಿ ನೀರಲ್ಲಿಟ್ಟು, ತನ್ನ ಕಾಲುಗಳ ಕಡೆಗೇ ನೋಡುತ್ತಾ ನಡೆಯುತ್ತದೆ. ಪಾದದಿಂದ ಥಪ್ ಥಪ್ ಅಂತ ತುಳಿದು ಕೆಸರು ಎಬ್ಬಿಸುತ್ತದೆ. ನಾಲಿಗೆ ಪಂಪಿನ ಹಾಗೆ ಹಿಂದೆ ಮುಂದೆ ಆಡಿ ನೀರು ಒಳಗೆಳೆಯುತ್ತದೆ, ಹೊರಗೆ ತಳ್ಳುತ್ತದೆ. ಕೊಕ್ಕಿನ ಒಳಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಪದರ. ಕೆಸರುನೀರು ಹೊರಗೆ, ತಿನ್ನುವ ವಸ್ತು ಒಳಗೆ. ದೂರದಿಂದ ಇದೇನೂ ಕಾಣುವುದಿಲ್ಲ. ಕೊಕ್ಕಿನ ಪಕ್ಕದಲ್ಲಿ ನೀರು ಸಣ್ಣಗೆ ನಡುಗುವುದು ಮಾತ್ರ ಕಾಣುತ್ತದೆ, ಒಲೆಯ ಮೇಲಿನ ಎಸರು ಕುದಿಯಲು ಶುರುವಾಗುವ ಮುಂಚೆ ನಡುಗುತ್ತದಲ್ಲ, ಹಾಗೆ.

"ಹಾಲು ನೀರು ಬೇರೆ ಮಾಡೋದು ಅಂದ್ರೆ ಇದೇ ಇರಬೇಕು," ಅಂದರು ಅಪ್ಪ.

ಪುರಾಣದ ಹಂಸ ಇದೇ ಅಂತ ನಾನು ವಾದ ಮಾಡಲಾರೆ. ಅದು ಹೆಬ್ಬಾತಿನ ಜಾತಿ ಅನ್ನುವವರೇ ಜಾಸ್ತಿ. ಆದರೆ ಬೆರೆತು ಹೋಗಿದ್ದನ್ನು ಕೊಕ್ಕಿನಲ್ಲೇ ಸೋಸಿ ಬೇರೆ ಮಾಡುವ ಹಕ್ಕಿ ಬೇಕು ಅಂದರೆ ಇದಕ್ಕಿಂತ ಒಳ್ಳೆಯ ಅಭ್ಯರ್ಥಿ ಸಿಗುವುದು ಕಷ್ಟ. ಹಾಲಿನ ಲೆಕ್ಕವೂ ಒಂದಿದೆ. ರಾಜಹಂಸಗಳಲ್ಲಿ ಗಂಡು ಹೆಣ್ಣು ಎರಡೂ ಮರಿಗೆ ಗಂಟಲಿನ ಚೀಲದಿಂದ ಒಂದು ಥರದ ಹಾಲು ಕುಡಿಸುತ್ತವೆ. ಕೆಂಪು ಹಾಲು! ಅಪ್ಪ ನಂಬಲಿಲ್ಲ.

ಅವರಿಗೆ ಅದಕ್ಕಿಂತ ಜಾಸ್ತಿ ತಲೆಕೆಡಿಸಿದ್ದು ಮೊಣಕಾಲಿನ ವಿಷಯ. ಹಿಂದಕ್ಕೆ ಮಡಚುವ ಆ ಗಂಟು ಇದೆಯಲ್ಲ, ಅದು ಮೊಣಕಾಲು ಅಲ್ಲ, ನಮ್ಮ ಹಿಮ್ಮಡಿಯ ಗಂಟಿಗೆ ಸಮ. ನಿಜವಾದ ಮೊಣಕಾಲು ಮೇಲೆ ಗರಿಗಳ ಒಳಗೆ ಅಡಗಿರುತ್ತದೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು. "ಹಾಗಾದ್ರೆ ಅದಕ್ಕೆ ಮೊಣಕಾಲುದ್ದ ನೀರು ಅಂದ್ರೆ ಹೊಟ್ಟೆ ತನಕ ಅಂತಾಯ್ತು?"

ಆ ಪ್ರಶ್ನೆಯೇ ನನಗೆ ಇಡೀ ಸರೋವರವನ್ನು ಬಿಡಿಸಿ ತೋರಿಸಿತು ಅಂದರೆ ತಪ್ಪಿಲ್ಲ. ನಾವು ಆಳುಗಳಲ್ಲಿ ಅಳೆಯುತ್ತೇವೆ. ಇಲ್ಲಿ ಒಂದೊಂದು ಹಕ್ಕಿಯೂ ತನ್ನ ಕಾಲಿನಲ್ಲಿ ಅಳೆದುಕೊಂಡು ನಿಂತಿತ್ತು. ದಡದ ಹಸಿ ಮಣ್ಣಿನಲ್ಲಿ ಪಾದ ಮಾತ್ರ ತೋಯಿಸಿಕೊಂಡು ಓಡಾಡುವ ಗದ್ದೆಗೊರವಗಳು. ಅವುಗಳಿಂದ ಒಂದೆರಡು ಮಾರು ಆಚೆ, ಕೆಂಪು ಕಡ್ಡಿಗಳ ಮೇಲೆ ನಿಂತ ಮೆಟ್ಟುಗಾಲುಹಕ್ಕಿಗಳು. ಇನ್ನೂ ಆಚೆ ಬೆಳ್ಳಕ್ಕಿ, ಬಣ್ಣದ ಕೊಕ್ಕರೆ. ಕೊಕ್ಕರೆ ಬಾಯಿ ಅರ್ಧ ತೆರೆದು ನೀರಲ್ಲಿ ಅದ್ದಿ ಕಾಯುತ್ತದೆ, ಮೀನು ತಗುಲಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಅದಕ್ಕೂ ಆಚೆ ರಾಜಹಂಸ. ಅದರಾಚೆ ಕಾಲು ಎಟುಕದ ಕಡೆ ಸೂಜಿಬಾಲದ ಬಾತುಗಳು ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ತಳ ಮುಟ್ಟುತ್ತಿದ್ದವು. ದಡದಿಂದ ಒಳಗೆ ಹೋದಂತೆ ಕಾಲು ಉದ್ದವಾಗುತ್ತಾ ಹೋಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂರಿಸಿದಷ್ಟು ಶಿಸ್ತು. ಆದರೆ ಉಬ್ಬರ ಬಂದು ನೀರು ನಾಲ್ಕು ಬೆರಳು ಏರಿದರೆ ಇಡೀ ಪಂಕ್ತಿ ಎದ್ದು ಬೇರೆ ಕಡೆ ಕೂರಬೇಕು.

ಇದೇ ಜಾಗದಲ್ಲಿ ಮೂರಾಳು ನೀರಿದ್ದರೆ? ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ತೇಲುತ್ತಿದ್ದವು, ನೀರುಕಾಗೆ ಮುಳುಗುತ್ತಿತ್ತು. ಕಾಲನ್ನು ನಂಬಿಕೊಂಡ ಉಳಿದವರಿಗೆಲ್ಲ ಜಾಗವೇ ಇಲ್ಲ. ಬರೀ ಕಾಲಿನ ಪ್ರಶ್ನೆಯೂ ಅಲ್ಲ. ತೆಳು ನೀರಿನಲ್ಲಿ ಬಿಸಿಲು ತಳದವರೆಗೆ ಇಳಿಯುತ್ತದೆ, ತಳದಲ್ಲೇ ಪಾಚಿ, ಜೊಂಡು ಬೆಳೆಯುತ್ತವೆ. ಗಾಳಿ ಬೀಸಿದರೆ ಸಾಕು, ಕೆಳಗಿನ ಗೊಬ್ಬರ ಮೇಲೆದ್ದು ಬೆರೆಯುತ್ತದೆ. ಸಿಗಡಿಗಳು ಮೊಟ್ಟೆ ಇಡುವುದು ಕಡಲಲ್ಲಿ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಇಂಥ ಬೆಚ್ಚನೆಯ ಸವಳು ನೀರಿಗೆ ಬಂದು, ತಿಂದು ದಪ್ಪಗಾಗಿ, ವಾಪಸ್ ಕಡಲಿಗೆ ಹೋಗುತ್ತವೆ. ತವರುಮನೆಗೆ ಬಂದು ಹೋದ ಹಾಗೆ.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡಬೇಕು. ನಾವು ನೋಡುತ್ತಿದ್ದಾಗ ಹಿಂದೆ ಇನ್ನೊಂದು ಕಾರು ನಿಂತಿತು. ಇಳಿದವರಲ್ಲಿ ಒಬ್ಬರು, ಹಕ್ಕಿಗಳು ಸುಮ್ನೆ ನಿಂತಿದ್ದು ಬೇಜಾರಾಯಿತೋ ಏನೋ, ಜೋರಾಗಿ ಚಪ್ಪಾಳೆ ತಟ್ಟಿ ಕೂಗಿದರು. ದೂರದ ಗುಂಪು ಒಮ್ಮೆಲೇ ಓಡಿ ಎದ್ದಿತು. ಬಚ್ಚಿಟ್ಟ ಬಣ್ಣವೆಲ್ಲ ಹೊರಗೆ ಬಂತು. ಕಡು ಗುಲಾಬಿ, ಅಂಚಿಗೆ ಕಪ್ಪು, ನೂರಾರು ರೆಕ್ಕೆ ಒಟ್ಟಿಗೆ. ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಸಿಟ್ಟು ಬರುವ ಮುಂಚೆಯೇ ಕ್ಯಾಮೆರಾ ಕಣ್ಣಿಗೆ ಹೋಗಿ ಹನ್ನೊಂದು ಫೋಟೋ ತೆಗೆದಾಗಿತ್ತು. ಆ ಪ್ರವಾಸದ ಅತ್ಯಂತ ಚೆಂದದ ಫೋಟೋಗಳು ಅವೇ. ಯಾರಿಗೂ ತೋರಿಸಿಲ್ಲ. ಅಳಿಸಿಯೂ ಇಲ್ಲ. ದಿನವಿಡೀ ಸೋಸಿ ಸೋಸಿ ಕೂಡಿಟ್ಟ ಶಕ್ತಿಯನ್ನು ಆ ಹಕ್ಕಿಗಳು ನಮ್ಮ ಮನರಂಜನೆಗೆ ಖರ್ಚು ಮಾಡಬೇಕಾಯಿತು.

ಅದರ ಪ್ರಾಯಶ್ಚಿತ್ತವೋ ಏನೋ, ಸಂಜೆ ಇನ್ನೂ ಹತ್ತಿರದಿಂದ ನೋಡುವ ಆಸೆಗೆ ರಸ್ತೆ ಬಿಟ್ಟು ಇಳಿದೆ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಮೇಲೆ ತೆಳ್ಳಗೆ ಉಪ್ಪು. ಹಪ್ಪಳದ ಹಾಗೆ ಚಟ್ ಚಟ್ ಅನ್ನುತ್ತಿತ್ತು. ಹತ್ತು ಹೆಜ್ಜೆ ಸರಿಯಾಗಿ ಹೋದೆ. ಹನ್ನೊಂದನೆಯದಕ್ಕೆ ಹಪ್ಪಳ ಮುರಿಯಿತು. ಬಲಗಾಲು ಮೊಣಕಾಲವರೆಗೆ ಇಳಿದುಹೋಯಿತು. ಒಳಗೆ ಕಪ್ಪು, ತಣ್ಣಗೆ, ಬೆಣ್ಣೆಯಂಥ ಕೆಸರು. ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಕೆಸರಿನಲ್ಲಿ ಎಲೆ, ಪಾಚಿ ಕೊಳೆಯುವಾಗ ಬರುವ ವಾಸನೆ ಅದು, ಗಂಧಕದ್ದು. ಕಾಲು ಎಳೆದೆ, ಕಾಲು ಬಂತು. ಚಪ್ಪಲಿ ಬರಲಿಲ್ಲ. ಕೈ ಹಾಕಿ ಹುಡುಕಿದರೆ ಸಿಕ್ಕಿದ್ದು ಖಾಲಿ ಚಿಪ್ಪುಗಳು, ಒಂದು ಹಿಡಿ. ಅಪ್ಪ ರಸ್ತೆಯ ಮೇಲೆ ನಿಂತು ನಗುತ್ತಿದ್ದರು. "ಆಳ ಇಲ್ಲ ಅಂತ ಅಂದ್ಕೊಂಡ್ಯಾ?"

ಅವರದೇ ಮಾತಿಗೆ ಅವರೇ ತಿರುಗುಬಾಣ ಬಿಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ.

ಈ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ತುದಿಯಲ್ಲಿ ನಮ್ಮ ರಾಕೆಟ್‌ಗಳ ನೆಲೆ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಆ ಕೇಂದ್ರಕ್ಕೆ 2002ರಲ್ಲಿ ಸತೀಶ್ ಧವನ್ ಅವರ ಹೆಸರಿಟ್ಟರು. 1962ರಿಂದ 1981ರವರೆಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ನಡೆಸಿದವರು ಅವರು. ಅವರು ಹಕ್ಕಿಗಳ ಹಾರಾಟದ ವಿಜ್ಞಾನದ ಬಗ್ಗೆಯೂ ಬರೆದಿದ್ದಾರೆ ಅನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿರುವುದಿಲ್ಲ. ರಾಕೆಟ್‌ಗೂ ಹೆಜ್ಜಾರ್ಲೆಗೂ ಒಂದೇ ರಸ್ತೆ ಇರುವ ಊರಿನಲ್ಲಿ ಅವರ ಹೆಸರಿರುವುದು ನನಗೆ ತುಂಬಾ ಸರಿ ಅನ್ನಿಸಿತು.

ಆದರೆ ಈ ರಸ್ತೆಯೇ ಸರೋವರದ ಒಂದು ತೊಂದರೆ ಕೂಡ. ಇದು ನೀರನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿ, ಉಬ್ಬರದ ನೀರು ಆ ಕಡೆಯಿಂದ ಈ ಕಡೆಗೆ ಸರಾಗವಾಗಿ ಹರಿಯಲು ಅಡ್ಡಿಯಾಗುತ್ತದೆ. ಉತ್ತರದ ಭಾಗ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ನದಿಗಳು ಹೂಳು ತರುತ್ತವೆ, ಕಡಲ ಅಲೆ ಮರಳು ತಂದು ಬಾಯಿಗಳನ್ನು ಮುಚ್ಚುತ್ತದೆ.

ಹೂಳು ಅಂದ ಕೂಡಲೇ ಅಪ್ಪನಿಗೆ ಹುರುಪು ಬಂತು. ಅವರ ಜೀವನದಲ್ಲಿ ಮೂರು ಸಲ ಊರ ಕೆರೆ ಹೂಳೆತ್ತಿಸಿದವರು. "ಜೆಸಿಬಿ ತರಿಸಿ ತೆಗೆಸಬೇಕು, ಅಷ್ಟೇ." ನಾನು ಕಾಲಿನ ಲೆಕ್ಕ ನೆನಪಿಸಿದೆ. ಇಡೀ ಸರೋವರ ಅಗೆದು ಆಳ ಮಾಡಿದರೆ ಆ ಪಂಕ್ತಿ ಎಲ್ಲಿ ಕೂರಬೇಕು? ಹಾಗಂತ ಬಿಟ್ಟರೆ ತೆಳು ನೀರು ತೆಳ್ಳಗಾಗುತ್ತಾ ಉಪ್ಪಿನ ಬಯಲಾಗುತ್ತದೆ. ಆಳ ಬೇಕಾಗಿರುವುದು ಬಾಯಲ್ಲಿ, ಕಡಲು ಒಳಗೆ ಬಂದು ಹೋಗುವ ಜಾಗದಲ್ಲಿ. ಹೊಟ್ಟೆ ಮಾತ್ರ ಹೀಗೇ ಇರಬೇಕು. ಅಪ್ಪ ಒಪ್ಪಲಿಲ್ಲ, ಆದರೆ ಎದುರಾಡಲೂ ಇಲ್ಲ. ಅದು ಅವರ ಮಟ್ಟಿಗೆ ದೊಡ್ಡ ಸೋಲು.

ಮಾರನೇ ದಿನ ಬೆಳಗ್ಗೆ ನೇಲಪಟ್ಟು. ಸೂಳ್ಳೂರುಪೇಟೆಯಿಂದ ಉತ್ತರಕ್ಕೆ, ಹೆದ್ದಾರಿಯ ಹತ್ತಿರವೇ. ಸಿಹಿನೀರಿನ ಕೆರೆ, ನೀರಲ್ಲೇ ನಿಂತ ಮರಗಳು, ಮರದ ತುಂಬಾ ಹೆಜ್ಜಾರ್ಲೆ ಗೂಡುಗಳು. ಗೂಡು ಇಲ್ಲಿ, ಊಟ ಪುಲಿಕಾಟ್‌ನಲ್ಲಿ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಲಿನ ಹುಣಸೆ ಮರದ ಮೇಲೆ ಇದೇ ಹಕ್ಕಿಯನ್ನು ನೋಡಿದ್ದ ಅಪ್ಪನಿಗೆ ಹಳೇ ನೆಂಟರು ಸಿಕ್ಕಿದಷ್ಟು ಖುಷಿ. ವಾಸನೆಯೂ ಅದೇ ಅಂದರು.

ಆಮೇಲೆ ದಕ್ಷಿಣಕ್ಕೆ ತಿರುಗಿ ತಮಿಳುನಾಡಿನ ಪಳವೇರ್ಕಾಡು ನೋಡಿ ಬಂದೆವು. ಡಚ್ಚರು 1613ರಲ್ಲಿ ಅಲ್ಲಿ ಕೋಟೆ ಕಟ್ಟಿದ್ದರು. ಈಗ ಕೋಟೆ ಇಲ್ಲ, ಗೋರಿಗಳಿವೆ. ಸ್ಮಶಾನದ ಬಾಗಿಲಿಗೆ ಎರಡು ಅಸ್ಥಿಪಂಜರ ಕೆತ್ತಿದ್ದಾರೆ. ಅವರ ದೊಡ್ಡ ಹಡಗುಗಳು ಕೂಡ ಹೊರಗೆ ಕಡಲಲ್ಲೇ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಸರಕು ಸಾಗಿಸಬೇಕಿತ್ತು. ಅಲ್ಲಿನ ಮೀನುಗಾರರು ಯಾರು ಯಾವ ದಿನ ಯಾವ ಜಾಗದಲ್ಲಿ ಬಲೆ ಹಾಕಬೇಕು ಅನ್ನುವುದನ್ನು ಸರದಿ ಪ್ರಕಾರ ಹಂಚಿಕೊಳ್ಳುತ್ತಾರೆ. ಪಾಡು ಅನ್ನುತ್ತಾರೆ ಅದಕ್ಕೆ. ಒಳ್ಳೆಯ ಜಾಗ ಒಬ್ಬನಿಗೇ ಸಿಗಬಾರದು ಅನ್ನುವ ಲೆಕ್ಕ. ನಮ್ಮೂರಿನಲ್ಲಿ ತೂಬಿನ ನೀರಿಗೆ ಸರದಿ ಇರುತ್ತಿತ್ತಲ್ಲ, ಅದೇ.

ದಡದಲ್ಲಿ ಒಂದು ದೃಶ್ಯ ಕಂಡಿತು. ನಾಲ್ಕೈದು ಹೆಂಗಸರು ನೀರಲ್ಲಿ ಕುಕ್ಕರುಗಾಲಲ್ಲಿ ಕೂತು, ಹಾಗೇ ತೆವಳುತ್ತಾ ಮುಂದೆ ಹೋಗುತ್ತಿದ್ದರು. ಎರಡೂ ಕೈ ಕೆಸರಿನಲ್ಲಿ. ಹೆಣೆದ ಸಣ್ಣ ಬುಟ್ಟಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಕೈಗೆ ಸಿಗಡಿ ಸಿಕ್ಕಿದ ಕೂಡಲೇ ಬುಟ್ಟಿಗೆ. ಮಾತಾಡುವ ಹಾಗಿಲ್ಲ, ಬಾಯಿ ತುಂಬಾ ಬುಟ್ಟಿ. ಹಿಂದಿನ ದಿನ ನೋಡಿದ ರಾಜಹಂಸದ ಕೆಲಸವನ್ನೇ ಬೆರಳಲ್ಲಿ ಮಾಡುತ್ತಿದ್ದರು. ಅರ್ಧ ಗಂಟೆಯ ಮೇಲೆ ಒಬ್ಬಾಕೆ ಎದ್ದು ಬೆನ್ನು ನೆಟ್ಟಗೆ ಮಾಡಿದಾಗ ಬುಟ್ಟಿಯಲ್ಲಿದ್ದದ್ದು ಒಂದೂವರೆ ಹಿಡಿ.

ವಾಪಸ್ ಬರುವಾಗ ತಡ ಅನ್ನುವ ಊರಿನ ಹತ್ತಿರದ ಒಂದು ಮೀನುಗಾರರ ಹಳ್ಳಿಯಲ್ಲಿ ದೋಣಿ ಸಿಕ್ಕಿತು. ಲೈಫ್ ಜಾಕೆಟ್ ಹಾಕಿಕೊಳ್ಳಲು ಅಪ್ಪ ಒಪ್ಪಲೇ ಇಲ್ಲ. "ಮೂರಾಳು ನೀರಲ್ಲಿ ಈಜಿದವನು ನಾನು." ದೋಣಿಯವರು ನಕ್ಕು, ಹಾಕಿಕೊಂಡರಷ್ಟೇ ಹತ್ತಿಸುತ್ತೇನೆ ಅಂದರು. ಕೊನೆಗೆ ಕಿತ್ತಳೆ ಬಣ್ಣದ ಜಾಕೆಟ್, ಕೆಳಗೆ ಬಿಳಿ ಪಂಚೆ.

ಅರ್ಧ ದಾರಿ ಮೋಟಾರ್‌ನಲ್ಲಿ ಹೋದೆವು. ಆಮೇಲೆ ಅದನ್ನು ಎತ್ತಿಟ್ಟು ಉದ್ದನೆಯ ಬಿದಿರು ಗಳ ತೆಗೆದರು. ತಳಕ್ಕೆ ಊರಿ ತಳ್ಳುವುದು. ಗಳ ಮೇಲೆ ಬಂದಾಗಲೆಲ್ಲ ಅಪ್ಪ ಅದರ ಒದ್ದೆ ಗುರುತು ನೋಡುತ್ತಿದ್ದರು. ಎದೆಮಟ್ಟ. ಸೊಂಟ. ತೊಡೆ. ದೋಣಿಯ ತಳ ಸರ್ ಅಂತ ಮಣ್ಣು ಉಜ್ಜಿತು. ನಿಂತೇಬಿಟ್ಟಿತು. ಇಳಿತದ ಹೊತ್ತು. ದೋಣಿಯವರು ಯಾವ ಗಾಬರಿಯೂ ಇಲ್ಲದೆ ನೀರಿಗೆ ಇಳಿದು, ತೆಲುಗಿನಲ್ಲಿ ಏನೋ ಹೇಳಿ ನಮಗೂ ಇಳಿಯಲು ಸನ್ನೆ ಮಾಡಿದರು. ಭಾರ ಕಡಿಮೆಯಾದರೆ ತೇಲುತ್ತದಂತೆ.

ದಡ ಒಂದು ಕಪ್ಪು ಗೆರೆಯಷ್ಟು ದೂರವಿತ್ತು. ಸುತ್ತಲೂ ನೀರು. ಇಲ್ಲಿ ಕೆಳಗೆ ಮರಳು, ಗಟ್ಟಿ ನೆಲ, ಬೆಚ್ಚಗೆ. ಒಂದಷ್ಟು ದೂರದಲ್ಲಿ ರೀವ ಹಕ್ಕಿಗಳು ಮೇಲಿಂದ ಕಲ್ಲು ಬಿದ್ದ ಹಾಗೆ ಬಿದ್ದು ಮೀನು ಎತ್ತುತ್ತಿದ್ದವು. ನಾನು ದೋಣಿ ತಳ್ಳುತ್ತಿದ್ದೆ. ಅಪ್ಪ ಪಂಚೆ ಎತ್ತಿ ಕಟ್ಟಿ, ಸುಮ್ಮನೆ ನಿಂತು, ಒಂದು ಕಾಲು ಮುಂದಿಟ್ಟು ತಳ ನೋಡುವುದು, ಇನ್ನೊಂದು ಕಾಲು ಇಡುವುದು ಮಾಡುತ್ತಿದ್ದರು. ಆಗಲೇ ಅವರ ಜೇಬಿನ ಫೋನ್ ಹೊಡೆದುಕೊಂಡಿತು. ಅಮ್ಮ.

"ಎಲ್ಲಿದೀರಿ?"

"ಸರೋವರದ ನಡುವೆ."

"ದೋಣೀಲಾ?"

"ಇಲ್ಲ, ನಿಂತಿದೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಏನೋ ಗಟ್ಟಿಯಾಗಿ ಕೇಳಿದ್ದು ನನಗೂ ಕೇಳಿಸಿತು, ಏನು ಅಂತ ತಿಳಿಯಲಿಲ್ಲ. ಅಪ್ಪ ಬಗ್ಗಿ ನೀರನ್ನು ಒಮ್ಮೆ ನೋಡಿಕೊಂಡು, ನಮ್ಮೂರ ತೂಬಿನ ಕಥೆ ಹೇಳುವಾಗಿನ ದನಿಯಲ್ಲೇ ಹೇಳಿದರು.

"ಮೊಣಕಾಲುದ್ದ ಇದೆ ಕಣೇ."